ಗಿಡ ಸೊಂಪಾಗಿದೆ, ಹೂವೇಕಿಲ್ಲ? – ಬಹುವಾರ್ಷಿಕ ಹೂಗಿಡಗಳ ಪ್ರಶ್ನೋತ್ತರ

ಬೀಜದಿಂದ ಬೆಳೆಸುವ ಬಹುವಾರ್ಷಿಕ ಹೂಗಿಡಗಳ ಬಗ್ಗೆ ಈ ಸಲ ಬಂದಿರುವ ಪತ್ರಗಳಲ್ಲಿ ಎರಡು ದೂರುಗಳು ಮತ್ತೆ ಮತ್ತೆ ಕಾಣುತ್ತವೆ. ಬೀಜ ಮೊಳೆಯಲಿಲ್ಲ ಎಂಬುದು ಒಂದು. ಮೊಳೆತ ಗಿಡ ಎಲೆ ತುಂಬಿಕೊಂಡು ನಿಂತರೂ ಹೂ ಬಿಡಲಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಗೊಬ್ಬರ ಯಾವುದು ಹಾಕಲಿ ಎಂದೇ ಹೆಚ್ಚಿನವರು ಕೇಳಿದ್ದಾರೆ. ಗೊಬ್ಬರದ ಮಾತು ಆಮೇಲಿನದು. ತೇವ, ಚಳಿ, ಬೆಳಕು, ಕತ್ತಲು, ವಯಸ್ಸು ಇವುಗಳಲ್ಲಿ ಯಾವುದೋ ಒಂದು ಸೂಚನೆಗಾಗಿ ಬೀಜವೂ ಗಿಡವೂ ಕಾದಿರುತ್ತವೆ. ಅದು ಯಾವುದೆಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಆ ಸೂಚನೆಯನ್ನು ಬೆಂಗಳೂರಿನ ಹವೆ ಕೊಡಬಲ್ಲದೋ ಇಲ್ಲವೋ ಎಂಬುದನ್ನು ಬೀಜ ಕೊಳ್ಳುವ ಮೊದಲೇ ಯೋಚಿಸಬೇಕು.

ಪ್ರಶ್ನೆ: ನಮ್ಮಲ್ಲಿ ಎರಡು ಬಗೆಯ ಕನಕಾಂಬರವಿದೆ. ಹಳೆಯ ಗಿಡದಲ್ಲಿ ಕಾಯಿ ಕಟ್ಟುತ್ತದೆ, ಆದರೆ ಬೀಜ ಬಿಡಿಸಿಕೊಳ್ಳುವ ಮೊದಲೇ ಸಿಡಿದು ಹೋಗುತ್ತದೆ. ‘ಡೆಲ್ಲಿ’ ಎಂದು ಹೇಳಿ ಕೊಟ್ಟ ಇನ್ನೊಂದು ಗಿಡ ಧಾರಾಳವಾಗಿ ಹೂ ಬಿಟ್ಟರೂ ಒಂದೇ ಒಂದು ಬೀಜವನ್ನೂ ಕೊಟ್ಟಿಲ್ಲ. ಬೀಜದಿಂದ ಹೊಸ ಗಿಡ ಮಾಡುವುದು ಹೇಗೆ? – ಬಸವನಗುಡಿಯ ಓದುಗರು

ನಿಮ್ಮ ‘ಡೆಲ್ಲಿ’ ಗಿಡಕ್ಕೆ ಯಾವ ರೋಗವೂ ಇಲ್ಲ. ಆ ತಳಿ ವರ್ಣತಂತುಗಳ ಎರಡು ಗಣಗಳ ಬದಲು ಮೂರು ಗಣಗಳಿರುವ ತ್ರಿಗುಣಿತ ಗಿಡ. ಬೀಜ ಕಟ್ಟುವ ಶಕ್ತಿಯೇ ಅದಕ್ಕಿಲ್ಲ. ಬೀಜಕ್ಕಾಗಿ ಶಕ್ತಿ ವ್ಯಯವಾಗದೆ ತೆನೆಯ ಮೇಲೆ ತೆನೆ ಬರುವುದರಿಂದಲೇ ಹೂ ಬೆಳೆಗಾರರು ಅದನ್ನು ಮೆಚ್ಚುತ್ತಾರೆ. ಅದನ್ನು ಹೆಚ್ಚಿಸಲು ಬೆರಳುದ್ದದ, ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಕುಡಿಗಳನ್ನು ಕತ್ತರಿಸಿ, ಮಳೆಗಾಲದ ತೇವದ ದಿನಗಳಲ್ಲಿ ಮರಳು ಮಿಶ್ರಿತ ಮಣ್ಣಿನಲ್ಲಿ ನೆಡಬೇಕು.

ಹಳೆಯ ಗಿಡದ ವಿಚಾರ ಬೇರೆ. ಕನಕಾಂಬರದ ಒಣಗಿದ ಕಾಯಿ ನೀರು ತಾಗಿದೊಡನೆ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಮಳೆ ಬಿದ್ದ ಹೊತ್ತಿಗೇ ಬೀಜ ನೆಲ ಸೇರಲಿ ಎಂದು ಗಿಡ ಮಾಡಿಕೊಂಡಿರುವ ಏರ್ಪಾಡು ಇದು. ಆದ್ದರಿಂದ ತೆನೆಯ ಕೆಳಭಾಗ ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾದಾಗ, ಬಿಸಿಲೇರಿದ ಮೇಲೆ, ಅಂದರೆ ಇಬ್ಬನಿ ಆರಿದ ಮೇಲೆ, ಇಡೀ ತೆನೆಯನ್ನೇ ಕತ್ತರಿಸಿ ಕಾಗದದ ಚೀಲದಲ್ಲಿ ಹಾಕಿಡಿ. ಎರಡು ದಿನ ಒಣಗಿದ ನಂತರ ಅಗಲವಾದ ಪಾತ್ರೆಯಲ್ಲಿ ಹರಡಿ, ತುಸು ನೀರು ಚಿಮುಕಿಸಿ, ಮೇಲೆ ತೆಳುಬಟ್ಟೆ ಮುಚ್ಚಿದರೆ ಕಾಯಿಗಳು ಪಟಪಟನೆ ಸಿಡಿಯುತ್ತವೆ; ಬೀಜವೆಲ್ಲ ಪಾತ್ರೆಯಲ್ಲೇ ಉಳಿಯುತ್ತದೆ.

ಅದೇ ವಾರ ಬಿತ್ತುವುದು ಉತ್ತಮ. ತೆಂಗಿನ ನಾರಿನ ಪುಡಿ ಮತ್ತು ಜರಡಿ ಹಿಡಿದ ಎರೆಗೊಬ್ಬರ ಬೆರೆಸಿದ ಟ್ರೇಯಲ್ಲಿ, ಬೀಜದ ದಪ್ಪಕ್ಕಿಂತ ಸ್ವಲ್ಪ ಹೆಚ್ಚು ಆಳದಲ್ಲಿ ಹಾಕಿ, ತೇವ ಆರದಂತೆ ನೋಡಿಕೊಳ್ಳಿ. ಕನಕಾಂಬರ ಬೀಜ ನಿಧಾನಿ. ಚೆಂಡು ಹೂವಿನ ಬೀಜದಂತೆ ನಾಲ್ಕೇ ದಿನದಲ್ಲಿ ಮೇಲೇಳುವುದಿಲ್ಲ. ಮೂರು ನಾಲ್ಕು ವಾರ ಹಿಡಿಯುವುದುಂಟು. ಎರಡನೆಯ ವಾರಕ್ಕೇ ಟ್ರೇಯ ಮಣ್ಣನ್ನು ಬಿಸಾಡಿ ನಿರಾಶರಾದ ಎಷ್ಟೋ ಜನರನ್ನು ನೋಡಿದ್ದೇನೆ. ಸಸಿಗೆ ಎರಡು ತಿಂಗಳಾದಾಗ ಕುಂಡಕ್ಕೆ ಬದಲಾಯಿಸಿದರೆ, ಅಲ್ಲಿಂದ ಎರಡು ಮೂರು ತಿಂಗಳಲ್ಲಿ ಮೊದಲ ತೆನೆ ಬರುತ್ತದೆ.

ಇನ್ನೊಂದು ಮಾತು. ಕನಕಾಂಬರದ ಬೇರಿಗೆ ಗಂಟು ಮಾಡುವ ಜಂತುಹುಳುವಿನ ಕಾಟ ಹೆಚ್ಚು. ಗಿಡ ಕಾರಣವಿಲ್ಲದೆ ಸೊರಗಿ, ಎಲೆ ಹಳದಿಯಾಗಿ, ತೆನೆ ಗಿಡ್ಡವಾದರೆ ಒಂದು ಗಿಡ ಕಿತ್ತು ಬೇರು ನೋಡಿ. ಗಂಟುಗಳಿದ್ದರೆ ಆ ಕುಂಡದ ಮಣ್ಣನ್ನು ಮತ್ತೆ ಕನಕಾಂಬರಕ್ಕೆ ಬಳಸಬೇಡಿ. ಹೊಸದಾಗಿ ನೆಡುವಾಗಲೇ ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಬೆರೆಸುವುದನ್ನು ರೂಢಿ ಮಾಡಿಕೊಳ್ಳಿ. ಹೂ ಮುಗಿದ ತೆನೆಗಳನ್ನು, ಬೀಜಕ್ಕೆಂದು ಬಿಟ್ಟ ನಾಲ್ಕಾರನ್ನು ಹೊರತುಪಡಿಸಿ, ಕತ್ತರಿಸುತ್ತಲೇ ಇದ್ದರೆ ಹಳೆಯ ಗಿಡವೂ ವರ್ಷವಿಡೀ ಹೂ ಕೊಡುತ್ತದೆ.

ಪ್ರಶ್ನೆ: ಲ್ಯೂಪಿನ್, ಡೆಲ್ಫಿನಿಯಂ, ಅಕ್ವಿಲೀಜಿಯಾ, ರುಡ್ಬೆಕಿಯಾ, ಎಕಿನೇಶಿಯಾ ಬೀಜಗಳನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಕೆಲವು ಮೊಳೆಯಲೇ ಇಲ್ಲ. ಮೊಳೆತ ಅಕ್ವಿಲೀಜಿಯಾ ಮತ್ತು ರುಡ್ಬೆಕಿಯಾ ಎರಡು ವರ್ಷದಿಂದ ಎಲೆಗುಚ್ಛವಾಗಿಯೇ ಕುಳಿತಿವೆ. ಏನು ಮಾಡಲಿ? – ವೈಟ್‌ಫೀಲ್ಡ್‌ನ ಓದುಗರು

ಈ ಪ್ರಶ್ನೆ ಅನೇಕರದು. ಜನವರಿಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಯ ಪ್ರದರ್ಶನ ನೋಡಿ ಬಂದವರು ತಂಪು ನಾಡಿನ ಹೂಗಳ ಬೀಜಕ್ಕಾಗಿ ಹುಡುಕುವುದು ಸಹಜ. ಆದರೆ ಪ್ರದರ್ಶನದ ಕುಂಡಗಳಲ್ಲಿ ಬಹಳಷ್ಟು ಆ ಕೆಲವು ದಿನಗಳಿಗೆಂದೇ, ತಿಂಗಳುಗಟ್ಟಲೆ ಲೆಕ್ಕಹಾಕಿ ಸಿದ್ಧಪಡಿಸಿದ ಗಿಡಗಳು. ಅವು ಮನೆಯ ತೋಟದಲ್ಲಿ ವರ್ಷಾನುವರ್ಷ ಬಾಳುತ್ತವೆ ಎಂಬ ಭರವಸೆ ಅದರಲ್ಲಿಲ್ಲ.

ನೀವು ಹೆಸರಿಸಿದ ಗಿಡಗಳೆಲ್ಲ ಹಿಮ ಬೀಳುವ ನಾಡುಗಳವು. ಅಲ್ಲಿ ಶರತ್ಕಾಲದಲ್ಲಿ ಉದುರಿದ ಬೀಜ ಕೂಡಲೇ ಮೊಳೆತರೆ ಚಳಿಗೆ ಸಾಯುತ್ತದೆ. ಅದಕ್ಕೇ ಒದ್ದೆ ನೆಲದಲ್ಲಿ ಹಲವು ವಾರ ಚಳಿ ಅನುಭವಿಸಿದ ಮೇಲಷ್ಟೇ ಮೊಳೆಯುವ ಗುಣ ಅಂಥ ಬೀಜಗಳಿಗೆ ಬಂದಿದೆ. ಇದನ್ನು ಫ್ರಿಜ್ಜಿನಲ್ಲಿ ಒದಗಿಸಬಹುದು. ಒದ್ದೆ ಮಾಡಿ ಹಿಂಡಿದ ನಾರಿನ ಪುಡಿಯಲ್ಲಿ ಬೀಜ ಬೆರೆಸಿ, ಡಬ್ಬಿಯಲ್ಲಿ ಹಾಕಿ, 4–5 ಡಿಗ್ರಿ ಸೆಲ್ಸಿಯಸ್ ಇರುವ ಕೆಳಗಿನ ಅಂಕಣದಲ್ಲಿ ನಾಲ್ಕರಿಂದ ಆರು ವಾರ ಇಡಿ, ಫ್ರೀಜರ್ ಬೇಡ. ಎಕಿನೇಶಿಯಾ, ಅಕ್ವಿಲೀಜಿಯಾಗಳಿಗೆ ಇದು ಸಾಕು. ಲ್ಯೂಪಿನ್‌ನ ಸಮಸ್ಯೆ ಚಳಿಗಿಂತ ಹೆಚ್ಚಾಗಿ ಗಟ್ಟಿ ಸಿಪ್ಪೆಯದು. ಅದನ್ನು ತುಸು ಉಜ್ಜಿ ರಾತ್ರಿಯಿಡೀ ನೆನೆಸಬೇಕು. ಡೆಲ್ಫಿನಿಯಂ ಬೀಜ ಸೆಕೆಗೆ ಮೊಳೆಯುವುದಿಲ್ಲ. ನಮ್ಮಲ್ಲಿ ನವೆಂಬರ್–ಡಿಸೆಂಬರ್ ಬಿಟ್ಟರೆ ಬೇರೆ ತಿಂಗಳಲ್ಲಿ ಅದನ್ನು ಬಿತ್ತಿ ಫಲವಿಲ್ಲ.

ಇಲ್ಲಿಯವರೆಗಿನದು ಬೀಜದ ಮಾತು. ಪತ್ರಗಳಲ್ಲಿ ಯಾರೂ ಗಮನಿಸದೆ ಉಳಿದಿರುವುದು ಮುಂದಿನ ಮಾತು: ಬೀಜ ಮೊಳೆಯಲು ಬೇಕಾದ ಚಳಿ ಬೇರೆ, ಬೆಳೆದ ಗಿಡ ಮೊಗ್ಗು ಕಟ್ಟಲು ಬೇಕಾದ ಚಳಿ ಬೇರೆ. ಅಕ್ವಿಲೀಜಿಯಾ ಸಾಕಷ್ಟು ಎಲೆ ಬಿಟ್ಟು ಬಲಿತ ಮೇಲೆ ಹಲವು ವಾರ 5 ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ಕಳೆದರೆ ಮಾತ್ರ ಹೂವಿನ ದಂಟು ಎತ್ತುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳ ಸರಾಸರಿ ಕನಿಷ್ಠವೇ 15–16 ಡಿಗ್ರಿ. 1884ರ ಜನವರಿಯಲ್ಲಿ ದಾಖಲಾದ 7.8 ಡಿಗ್ರಿ ಈ ಊರು ಕಂಡಿರುವ ಅತಿ ಹೆಚ್ಚಿನ ಚಳಿ. ಅಂದರೆ ನಿಮ್ಮ ಗಿಡ ಎರಡು ವರ್ಷದಿಂದ ಬಾರದ ಚಳಿಗಾಲಕ್ಕೆ ಕಾಯುತ್ತಿದೆ. ಕುಂಡವನ್ನೇ ಫ್ರಿಜ್ಜಿನಲ್ಲಿಟ್ಟು ಹೂ ತರಿಸಿದವರಿದ್ದಾರೆ. ಆದರೆ ಪ್ರತಿವರ್ಷ ಹಾಗೆ ಮಾಡಬೇಕಾದ ಗಿಡವನ್ನು ನಮ್ಮೂರಿನ ಬಹುವಾರ್ಷಿಕ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ರುಡ್ಬೆಕಿಯಾದ ಕಥೆ ಇನ್ನೊಂದು. ಅದರ ‘ಗೋಲ್ಡ್‌ಸ್ಟರ್ಮ್’ ತಳಿಯಂಥವು ಹಗಲು 13–14 ಗಂಟೆ ದಾಟಿದರೆ ಮಾತ್ರ ಮೊಗ್ಗು ಕಟ್ಟುತ್ತವೆ. ಹಗಲಿನ ಉದ್ದವೇ ಹೂವನ್ನು ನಿರ್ಧರಿಸುತ್ತದೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು 1920ರಲ್ಲಿ ತಂಬಾಕು ಗಿಡದ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟರು. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆ ಮುಟ್ಟುತ್ತದೆ. 13 ಡಿಗ್ರಿ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಅತಿ ದೀರ್ಘ ಹಗಲು ಸುಮಾರು 12 ಗಂಟೆ 50 ನಿಮಿಷ, ಅತಿ ಚಿಕ್ಕದು ಸುಮಾರು 11 ಗಂಟೆ 20 ನಿಮಿಷ. ಇಷ್ಟರಲ್ಲಿ ರುಡ್ಬೆಕಿಯಾಕ್ಕೆ ಬೇಸಗೆ ಬಂತೆಂದು ತಿಳಿಯುವುದೇ ಇಲ್ಲ. ಈ ಗಿಡಕ್ಕೆ ಮಾತ್ರ ಸುಲಭ ಉಪಾಯವಿದೆ. ಗಿಡದ ಮೇಲೆ ಎರಡು ಮೂರು ಅಡಿ ಎತ್ತರದಲ್ಲಿ ಹಳದಿ ಛಾಯೆಯ ಸಾಮಾನ್ಯ ಎಲ್‌ಇಡಿ ಬಲ್ಬು ಕಟ್ಟಿ, ರಾತ್ರಿ ಹತ್ತರಿಂದ ಎರಡು ಗಂಟೆಯವರೆಗೆ ಬೆಳಗಿಸಿ. ನಡುರಾತ್ರಿಯ ಬೆಳಕು ದೀರ್ಘ ಕತ್ತಲನ್ನು ಎರಡು ತುಂಡು ಮಾಡುವುದರಿಂದ ಗಿಡಕ್ಕೆ ಅದು ದೀರ್ಘ ಹಗಲಿನಂತೆಯೇ ಆಗುತ್ತದೆ. ಮೊಗ್ಗು ಕಣ್ಣಿಗೆ ಕಾಣುವವರೆಗೆ, ಕೆಲವು ವಾರ, ಇದನ್ನು ಬಿಡದೆ ನಡೆಸಬೇಕು.

ಇಷ್ಟೆಲ್ಲ ಶ್ರಮ ಬೇಡವೆನ್ನುವವರಿಗೆ ನನ್ನ ಸಲಹೆ ಸ್ಪಷ್ಟವಾಗಿದೆ. ಎತ್ತರದ ಉಷ್ಣವಲಯದಿಂದ ಇಲ್ಲವೇ ಹಿಮ ಕಾಣದ ಬೆಚ್ಚನೆಯ ನಾಡುಗಳಿಂದ ಬಂದ ಗಿಡಗಳನ್ನು ಆರಿಸಿ. ಮೆಕ್ಸಿಕೋದ ಮಲೆನಾಡಿನ ಡೇಲಿಯಾ, ದಕ್ಷಿಣ ಆಫ್ರಿಕಾದ ಜರ್ಬೆರಾ ಮತ್ತು ಜೆರೇನಿಯಂ, ಮಡಗಾಸ್ಕರಿನ ನಿತ್ಯಪುಷ್ಪ, ಆಫ್ರಿಕಾದ ಪೆಂಟಾಸ್, ಟೆಕ್ಸಾಸ್–ಮೆಕ್ಸಿಕೋ ಕಡೆಯ ನೀಲಿ ಸಾಲ್ವಿಯಾ ಇವೆಲ್ಲ 920 ಮೀಟರ್ ಎತ್ತರದ ನಮ್ಮೂರನ್ನು ತಮ್ಮದೇ ನೆಲದಂತೆ ಒಪ್ಪಿಕೊಳ್ಳುತ್ತವೆ. ಡೇಲಿಯಾ ಬಿತ್ತಿದ ವರ್ಷವೇ ಹೂ ಬಿಟ್ಟು, ಮಣ್ಣಿನೊಳಗೆ ಗೆಡ್ಡೆ ಕಟ್ಟಿಕೊಂಡು ಮುಂದಿನ ವರ್ಷಕ್ಕೂ ಉಳಿಯುತ್ತದೆ. ಬಿತ್ತುವಾಗ ಮಾತ್ರ ಒಂದೊಂದರ ಸ್ವಭಾವ ನೋಡಬೇಕು. ನಿತ್ಯಪುಷ್ಪದ ಬೀಜ ಕತ್ತಲಿನಲ್ಲಿ ಮೊಳೆಯುತ್ತದೆ, ಆದ್ದರಿಂದ ಮಣ್ಣು ಮುಚ್ಚಿ ಟ್ರೇಯ ಮೇಲೆ ಕಾಗದ ಹೊದಿಸಿ. ಪೆಂಟಾಸ್ ಮತ್ತು ಜರ್ಬೆರಾ ಬೀಜಗಳಿಗೆ ಬೆಳಕು ಬೇಕು, ಅವನ್ನು ಮುಚ್ಚಬೇಡಿ. ಜರ್ಬೆರಾ ಬೀಜದ ಚೂಪಾದ ತುದಿ ಕೆಳಗೂ ಕೂದಲಿನ ತುದಿ ಮೇಲೂ ಇರುವಂತೆ ಊರಿ, ಮುಂದೆ ಸಸಿಯನ್ನು ಬದಲಾಯಿಸುವಾಗ ಅದರ ನಡುಸುಳಿ ಮಣ್ಣಿಗಿಂತ ಮೇಲೇ ಇರುವಂತೆ ನೆಡಿ. ಸುಳಿ ಹೂತುಹೋದರೆ ಕೊಳೆಯುತ್ತದೆ.

ಪ್ರಶ್ನೆ: ಒಂದೇ ಪ್ಯಾಕೆಟ್ಟಿನ ಬೀಜದಿಂದ ಸೇವಂತಿಗೆ ಬೆಳೆಸಿದ್ದೇನೆ. ಮನೆಯ ಹಿಂಬದಿಯ ಗಿಡಗಳು ದೀಪಾವಳಿಯ ಹೊತ್ತಿಗೆ ಮೊಗ್ಗು ಬಿಟ್ಟವು. ಕಾಂಪೌಂಡ್ ಬಳಿ ಇರುವವು ಇನ್ನೂ ಎತ್ತರಕ್ಕೆ ಬೆಳೆಯುತ್ತಲೇ ಇವೆ. ನೀರು, ಗೊಬ್ಬರ ಎರಡಕ್ಕೂ ಒಂದೇ. ಜೊತೆಗೆ, ಹೂ ಬಿಟ್ಟವುಗಳ ಬಣ್ಣ ಒಂದರಂತೆ ಒಂದಿಲ್ಲ. – ರಾಜಾಜಿನಗರದ ಓದುಗರು

ಕಾಂಪೌಂಡಿನ ಹೊರಗೆ ಬೀದಿದೀಪ ಇದೆಯೇ ನೋಡಿ; ಬಹುಮಟ್ಟಿಗೆ ಉತ್ತರ ಅಲ್ಲೇ ಸಿಗುತ್ತದೆ. ರುಡ್ಬೆಕಿಯಾಕ್ಕೆ ಬೇಕಾದುದರ ಸರಿ ವಿರುದ್ಧ ಸೇವಂತಿಗೆಗೆ ಬೇಕು. ಅದಕ್ಕೆ ದೀರ್ಘವಾದ, ನಡುವೆ ಮುರಿಯದ ಕತ್ತಲು ಬೇಕು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಕೆಂಪು ಬೆಳಕನ್ನು ಗುರುತಿಸಿ ರಾತ್ರಿಯ ಉದ್ದವನ್ನು ಅಳೆಯುತ್ತದೆ. ನಮಗೆ ಮಂದವೆನಿಸುವ ಬೆಳಕೂ ಆ ಅಳತೆಯನ್ನು ಕೆಡಿಸಬಲ್ಲದು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಸೇವಂತಿಗೆ ಹೊಲಗಳಲ್ಲಿ ಸಾಲುಸಾಲು ಬಲ್ಬುಗಳು ಉರಿಯುವುದನ್ನು ಕಂಡಿರುತ್ತೀರಿ. ಗಿಡ ಬೇಗ ಮೊಗ್ಗು ಕಟ್ಟದೆ ಮೊದಲು ಎತ್ತರಕ್ಕೆ ಬೆಳೆಯಲಿ, ಹೂವು ಬೆಲೆ ಇರುವ ಹಬ್ಬದ ಹೊತ್ತಿಗೆ ಬರಲಿ ಎಂದು ರೈತರು ಬೇಕೆಂದೇ ಮಾಡುವ ಕೆಲಸವದು. ನಿಮ್ಮ ಕಾಂಪೌಂಡಿನ ಬಳಿ ಅದೇ ಕೆಲಸವನ್ನು ಬೀದಿದೀಪ ನಿಮ್ಮ ಅಪ್ಪಣೆಯಿಲ್ಲದೆ ಮಾಡುತ್ತಿದೆ.

ಕುಂಡವಾದರೆ ಹಿಂಬದಿಗೆ ಸಾಗಿಸಿ. ನೆಲದಲ್ಲಿದ್ದರೆ ಸಂಜೆ ಆರರಿಂದ ಬೆಳಗ್ಗೆ ಏಳರವರೆಗೆ, ಗಿಡಕ್ಕೆ ತಾಗದಂತೆ ಕೋಲು ನೆಟ್ಟು, ದಪ್ಪನೆಯ ಕಪ್ಪು ಬಟ್ಟೆ ಹೊದಿಸಿ. ಮೊಗ್ಗಿನಲ್ಲಿ ಬಣ್ಣ ಕಾಣುವವರೆಗೆ ಪ್ರತಿದಿನ ಮಾಡಬೇಕು, ನಡುವೆ ಬಿಟ್ಟುಬಿಟ್ಟು ಮಾಡಿದರೆ ಗಿಡಕ್ಕೆ ಗೊಂದಲವೇ ಹೊರತು ಹೂವಲ್ಲ. ಮೊಗ್ಗಿಗೆ ಮೊದಲಿನ ಕೆಲಸವೂ ಒಂದಿದೆ. ಸಸಿ ನೆಟ್ಟು ಒಂದು ತಿಂಗಳಾದಾಗ ತುದಿಯ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ. ಆಗಸ್ಟ್ ಮುಗಿದ ಮೇಲೆ ಚಿವುಟುವುದನ್ನು ನಿಲ್ಲಿಸಿ. ಆಮೇಲೆ ಚಿವುಟುವ ಪ್ರತಿ ಕುಡಿಯೂ ಹೂ ಆಗಬೇಕಿದ್ದದ್ದು.

ಬಣ್ಣದ ವ್ಯತ್ಯಾಸ ಸೇವಂತಿಗೆ ಬೀಜದ ಸಹಜ ಗುಣ. ಅನೇಕ ತಲೆಮಾರು ಅಡ್ಡಹಾಯಿಸಿ ಬಂದ ಗಿಡವಾದ್ದರಿಂದ ಅದರ ಬೀಜದಲ್ಲಿ ಹತ್ತು ಬಗೆ ಅಡಗಿರುತ್ತವೆ. ಮೆಚ್ಚಿದ ಗಿಡವನ್ನು ಗುರುತು ಮಾಡಿಟ್ಟುಕೊಂಡು, ಹೂ ಮುಗಿದ ಮೇಲೆ ಬುಡಕ್ಕೆ ಕತ್ತರಿಸಿದರೆ ಸುತ್ತಲೂ ಏಳುವ ಮರಿಗಳಿಂದ ಅದನ್ನೇ ಹೆಚ್ಚಿಸಬಹುದು. ಬೀಜದಿಂದ ಹೊಸತನ್ನು ಪಡೆಯುವುದು, ಮರಿಯಿಂದ ಅದನ್ನು ಉಳಿಸಿಕೊಳ್ಳುವುದು ಎಂದಿಟ್ಟುಕೊಂಡರೆ ಎರಡರ ಪ್ರಯೋಜನವೂ ಸಿಗುತ್ತದೆ.

ಪ್ರಶ್ನೆ: ಬೀಜ ಚೆನ್ನಾಗಿ ಮೊಳೆಯುತ್ತದೆ. ಆದರೆ ಎರಡೆಲೆ ಬಂದ ಮೇಲೆ ಸಸಿಗಳು ಬುಡದಲ್ಲಿ ದಾರದಂತೆ ಸಣ್ಣಗಾಗಿ ಮಲಗಿಬಿಡುತ್ತವೆ. ನೀರು ಎಂದೂ ತಪ್ಪಿಸಿಲ್ಲ. – ಯಲಹಂಕದ ಓದುಗರು

ನೀರು ತಪ್ಪಿಸದೆ ಇರುವುದೇ ಇಲ್ಲಿ ತೊಂದರೆ. ಪಿಥಿಯಂ, ರೈಜಾಕ್ಟೋನಿಯಾ ಎಂಬ ಮಣ್ಣಿನ ಶಿಲೀಂಧ್ರ ಮತ್ತು ಶಿಲೀಂಧ್ರದಂಥ ಜೀವಿಗಳು ಎಳೆಯ ಕಾಂಡವನ್ನು ನೆಲಮಟ್ಟದಲ್ಲಿ ಕೊಳೆಸುತ್ತವೆ. ಮೋಡ ಮುಚ್ಚಿದ ಜುಲೈ–ಆಗಸ್ಟ್‌ನಲ್ಲಿ, ಗಾಳಿಯಾಡದ ಮೂಲೆಯಲ್ಲಿ, ಒತ್ತೊತ್ತಾಗಿ ಬಿತ್ತಿದ ಟ್ರೇಯಲ್ಲಿ ಇದು ಒಂದೇ ರಾತ್ರಿಯಲ್ಲಿ ಹರಡುತ್ತದೆ. ಬಿದ್ದ ಸಸಿಗಳನ್ನು ಉಳಿಸಲು ಹೋಗಬೇಡಿ. ಸುತ್ತಲಿನ ಮಿಶ್ರಣದ ಸಮೇತ ತೆಗೆದು ಎಸೆಯಿರಿ. ಉಳಿದವಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕರಗಿಸಿ ಬುಡಕ್ಕೆ ಹಾಕಿ.

ಮುಂದಿನ ಸಲಕ್ಕೆ ತೋಟದ ಕೆಂಪು ಮಣ್ಣನ್ನು ಟ್ರೇಗೆ ಬಳಸಬೇಡಿ. ಅದು ಒಣಗಿದಾಗ ಮೇಲ್ಪದರ ಗಟ್ಟಿಯಾಗುತ್ತದೆ, ಒದ್ದೆಯಾದಾಗ ಕೆಸರಾಗುತ್ತದೆ, ರೋಗದ ಬೀಜಾಣುಗಳನ್ನೂ ತರುತ್ತದೆ. ನಾರಿನ ಪುಡಿಯನ್ನು ಎರಡು ಮೂರು ಸಲ ಚೆನ್ನಾಗಿ ತೊಳೆದು ಹಿಂಡಿ, ಏಕೆಂದರೆ ಅದರಲ್ಲಿ ಉಪ್ಪಿನಂಶ ಉಳಿದಿರುತ್ತದೆ, ಎಳೆ ಬೇರಿಗೆ ಅದು ಆಗದು. ಅದಕ್ಕೆ ಇಂಥ ರೋಗ ತಡೆಯುವ ಟ್ರೈಕೋಡರ್ಮಾ ಬೆರೆಸಿದ ಎರೆಗೊಬ್ಬರ ಮತ್ತು ಸ್ವಲ್ಪ ದಪ್ಪ ಮರಳು ಸೇರಿಸಿ. ಟ್ರೈಕೋಡರ್ಮಾ ಹಾಕಿದ ಮಿಶ್ರಣಕ್ಕೆ ತಾಮ್ರದ ಔಷಧಿ ಹಾಕಬಾರದು. ಟ್ರೈಕೋಡರ್ಮಾ ಸ್ವತಃ ಒಂದು ಶಿಲೀಂಧ್ರವಾದ್ದರಿಂದ ತಾಮ್ರ ಅದನ್ನೂ ಕೊಲ್ಲುತ್ತದೆ. ಟ್ರೇಯನ್ನು ತಟ್ಟೆ ನೀರಿನಲ್ಲಿಟ್ಟು ಕೆಳಗಿನಿಂದ ನೀರು ಹೀರಲು ಬಿಟ್ಟು, ಮೇಲ್ಪದರ ಒಣಗಿದಂತೆ ಕಂಡ ಮೇಲೆ ಮತ್ತೆ ಕೊಡಿ. ಮೊಳಕೆ ಕಂಡ ದಿನವೇ ಪ್ಲಾಸ್ಟಿಕ್ ಮುಚ್ಚಳ ತೆಗೆದು ಬೆಳಗಿನ ಬಿಸಿಲಿಗೆ ಇಡಿ.

ಪ್ರಶ್ನೆ: ಕಾಬಾಳೆ ಮತ್ತು ಶಂಖಪುಷ್ಪದ ಬೀಜ ತಿಂಗಳಾದರೂ ಕಲ್ಲಿನಂತೆ ಹಾಗೆಯೇ ಇದೆ. – ಕೆಂಗೇರಿಯ ಓದುಗರು

ಎರಡಕ್ಕೂ ನೀರು ಒಳಹೋಗದ ಸಿಪ್ಪೆ. ಕಾಬಾಳೆಯ ಕಪ್ಪು ಗುಂಡನೆಯ ಬೀಜವನ್ನು ಮರಳು ಕಾಗದದ ಮೇಲೆ ಒಂದು ಕಡೆ, ಒಳಗಿನ ಬಿಳುಪು ಕಾಣುವವರೆಗೆ ಮಾತ್ರ ಉಜ್ಜಿ, ಉಗುರು ಬೆಚ್ಚನೆಯ ನೀರಿನಲ್ಲಿ ಒಂದು ದಿನ ನೆನೆಸಿ. ಊದಿಕೊಂಡರೆ ಬಿತ್ತಬಹುದು, ಊದದಿದ್ದರೆ ಇನ್ನಷ್ಟು ಉಜ್ಜಬೇಕು. ಶಂಖಪುಷ್ಪಕ್ಕೆ ಎರಡು ಸಲ ಉಜ್ಜಿ ರಾತ್ರಿ ನೆನೆಸಿದರೆ ಸಾಕು. ಸೆಕೆಯ ದಿನಗಳಲ್ಲಿ ಒಂದೆರಡು ವಾರದಲ್ಲಿ ಮೊಳಕೆ ಕಾಣುತ್ತದೆ.

ಪ್ರಶ್ನೆ: ನಮ್ಮದು ಏಳನೆಯ ಮಹಡಿಯ ಫ್ಲಾಟ್, ಬಾಲ್ಕನಿ ಉತ್ತರಕ್ಕಿದೆ. ಬೀಜದಿಂದ ಬೆಳೆಸಿದ ಜೆರೇನಿಯಂ ಮತ್ತು ಜರ್ಬೆರಾ ಕಳೆದ ಮೇ ತಿಂಗಳಲ್ಲಿ ಹೂ ಬಿಟ್ಟವು, ಆಮೇಲೆ ಇಲ್ಲ. ಬಿಸಿಲು ಇದ್ದಕ್ಕಿದ್ದಂತೆ ಎಲ್ಲಿಗೆ ಹೋಯಿತು? – ಮಾರತ್ತಹಳ್ಳಿಯ ಓದುಗರು

ನಿಮ್ಮ ಗಮನ ಸರಿಯಾಗಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಈ ಎರಡು ದಿನಗಳ ನಡುವೆ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಹಾಗಾಗಿ ಉತ್ತರದ ಬಾಲ್ಕನಿಗೆ ಒಳ್ಳೆಯ ಬಿಸಿಲು ಸಿಗುವುದು ಆ ನಾಲ್ಕು ತಿಂಗಳಲ್ಲಿ, ಅದರಲ್ಲೂ ಜೂನ್ ತಿಂಗಳಿನಿಂದ ಮೋಡ. ನಿಮಗೆ ಉಳಿಯುವುದು ಮೇ ತಿಂಗಳು ಮಾತ್ರ. ಜೆರೇನಿಯಂಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲಿಲ್ಲದಿದ್ದರೆ ಯಾವ ದ್ರಾವಣವೂ ಮೊಗ್ಗು ತರಿಸದು.

ಫ್ಲಾಟಿನಲ್ಲಿ ಪೂರ್ವ ಅಥವಾ ದಕ್ಷಿಣದ ಕಿಟಕಿ ಇದ್ದರೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಕುಂಡಗಳನ್ನು ಅಲ್ಲಿಗೆ ಒಯ್ಯಿರಿ. ಚಳಿಗಾಲದಲ್ಲಿ ಸೂರ್ಯ ಬಾಗಿರುವುದರಿಂದ ದಕ್ಷಿಣದ ಕಿಟಕಿಯೊಳಗೆ ಬಿಸಿಲು ಆಳವಾಗಿ ಬರುತ್ತದೆ. ಇಲ್ಲವಾದರೆ ಆ ಬಾಲ್ಕನಿಗೆ ಕರ್ಣಕುಂಡಲ ಜಾತಿಯ ಇಂಪೇಶನ್ಸ್, ಬೆಗೋನಿಯಾಗಳನ್ನು ಬಿತ್ತಿ. ಇಂಪೇಶನ್ಸ್ ವಾಲೆರಿಯಾನಾ ಮತ್ತು ಮೇಣದ ಬೆಗೋನಿಯಾ ಎರಡೂ ನಮ್ಮಲ್ಲಿ ಹಲವು ವರ್ಷ ಬಾಳುವ ಗಿಡಗಳು. ನೆರಳಿನ ಬೆಳಕಿನಲ್ಲಿಯೂ ಹೂ ಬಿಡುತ್ತವೆ. ಬೆಗೋನಿಯಾ ಬೀಜ ಧೂಳಿನಷ್ಟು ಸಣ್ಣದು, ಒಣ ಮರಳಿನೊಡನೆ ಬೆರೆಸಿ ಚಿಮುಕಿಸಿ, ಮೇಲೆ ಮಣ್ಣು ಹಾಕಬೇಡಿ. ಏಳನೆಯ ಮಹಡಿಯ ಗಾಳಿ ಬೇಗ ಒಣಗಿಸುವುದರಿಂದ ಸಸಿಗಳು ಬಲಿಯುವವರೆಗೆ ಕಟಕಟೆಗೆ ಒಂದು ಪರದೆ ಕಟ್ಟುವುದು ಒಳ್ಳೆಯದು.

ಪ್ರಶ್ನೆ: ಅಡೀನಿಯಂ ಬೀಜ ವಾರದಲ್ಲೇ ಮೊಳೆತು, ಎರಡು ವರ್ಷದಲ್ಲಿ ದಪ್ಪ ಬುಡ ಕಟ್ಟಿದೆ. ಎಲೆ ಹೇರಳ, ಹೂ ಇಲ್ಲ. ತಿಂಗಳಿಗೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು, ಹದಿನೈದು ದಿನಕ್ಕೊಮ್ಮೆ ಯೂರಿಯಾ ಕೊಡುತ್ತಿದ್ದೇನೆ. – ಜಯನಗರದ ಓದುಗರು

ಯೂರಿಯಾವನ್ನು ಇಂದೇ ನಿಲ್ಲಿಸಿ. ಅದು ಬರೀ ಸಾರಜನಕ. ಕಡಲೆಕಾಯಿ ಹಿಂಡಿಯೂ ಮುಖ್ಯವಾಗಿ ಸಾರಜನಕವೇ. ಇವೆರಡೂ ಸೇರಿದಾಗ ಗಿಡ ಎಲೆ ಬೆಳೆಸುವುದನ್ನು ಬಿಡುವ ಕಾರಣವೇ ಇರುವುದಿಲ್ಲ. ಎರಡು ತಿಂಗಳು ಯಾವ ಗೊಬ್ಬರವೂ ಬೇಡ. ಆಮೇಲೆ ಲೀಟರಿಗೆ 2 ಗ್ರಾಂ ಪ್ರಮಾಣದಲ್ಲಿ 13:0:45, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಹದಿನೈದು ದಿನಕ್ಕೊಮ್ಮೆ ಸಾಕು. ಮಣ್ಣು ಒದ್ದೆ ಇರುವಾಗಲೇ ಕೊಡಿ, ಒಣ ಬೇರಿಗೆ ಅಲ್ಲ.

ಇನ್ನೂ ಮುಖ್ಯವಾದದ್ದು ಒಣ ವಿಶ್ರಾಂತಿ. ಅಡೀನಿಯಂ ಆಫ್ರಿಕಾ ಮತ್ತು ಅರೇಬಿಯಾದ ಒಣನೆಲದ ಗಿಡ. ಡಿಸೆಂಬರ್–ಜನವರಿಯಲ್ಲಿ ನೀರನ್ನು ಬಹಳ ಕಡಿಮೆ ಮಾಡಿ. ಎಲೆ ಉದುರಿದರೆ ಹೆದರಬೇಡಿ. ಫೆಬ್ರುವರಿಯಲ್ಲಿ ಉದ್ದ ಕೊಂಬೆಗಳನ್ನು ಮೊಟಕುಗೊಳಿಸಿ, ಇಡೀ ದಿನದ ಬಿಸಿಲಿಗಿಟ್ಟು, ನೀರು ಮತ್ತೆ ಆರಂಭಿಸಿದರೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಕಾಣಬೇಕು. ಮುಂದೆ ಕೊಂಬಿನಂಥ ಜೋಡಿ ಕಾಯಿ ಕಟ್ಟಿದಾಗ ಅದಕ್ಕೆ ದಾರ ಸುತ್ತಿಡಿ. ಇಲ್ಲದಿದ್ದರೆ ಕಾಯಿ ಬಿರಿದು, ಎರಡೂ ತುದಿಯಲ್ಲಿ ಕೂದಲಿರುವ ಬೀಜ ಗಾಳಿಯಲ್ಲಿ ಹಾರಿಹೋಗುತ್ತದೆ.

ನಿಮ್ಮ ಪತ್ರದ ಕೊನೆಯಲ್ಲಿ ಕೊಳವೆಬಾವಿ ನೀರು ಹಾಕಿದ ಬೇರೆ ಗಿಡಗಳ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದೆ ಎಂದಿದ್ದೀರಿ. ಗಡಸು ನೀರಿನಿಂದ ಮಣ್ಣು ಕ್ಷಾರವಾಗಿ ಕಬ್ಬಿಣ ಬೇರಿಗೆ ದಕ್ಕುತ್ತಿಲ್ಲ ಎಂದು ಅರ್ಥ. ಬೇರು ಸುಲಭವಾಗಿ ಹೀರಬಲ್ಲ ಕೀಲೇಟ್ ರೂಪದ ಕಬ್ಬಿಣವನ್ನು ಪ್ಯಾಕೆಟ್ಟಿನ ಮೇಲೆ ಹೇಳಿದ ಪ್ರಮಾಣದಲ್ಲಿ ಕೊಡಿ, ಸಾಧ್ಯವಾದಾಗಲೆಲ್ಲ ಮಳೆನೀರು ಹಾಕಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಹೂ ಬಿಟ್ಟ ಅಮರಿಲ್ಲಿಸ್‌ನಲ್ಲಿ ಕಾಯಿ ಕಟ್ಟಿ ಕಪ್ಪು ಕಾಗದದಂಥ ಬೀಜ ಸಿಕ್ಕಿದೆ. ಬಿತ್ತಿದರೆ ಎಷ್ಟು ದಿನಕ್ಕೆ ಹೂ? – ಮಲ್ಲೇಶ್ವರದ ಓದುಗರು

ಮೂರು ವರ್ಷ ಎಂದು ಮನಸ್ಸಿನಲ್ಲಿಟ್ಟುಕೊಳ್ಳಿ. ಗೆಡ್ಡೆ ಸಾಕಷ್ಟು ದೊಡ್ಡದಾಗದೆ ಹೂ ಬರುವುದಿಲ್ಲ. ಬೀಜ ಹಳೆಯದಾದರೆ ಮೊಳೆಯದು, ಆದ್ದರಿಂದ ಕಾಯಿ ಬಿರಿದ ವಾರವೇ ಅಗಲ ತಟ್ಟೆಯ ನೀರಿನ ಮೇಲೆ ತೇಲಿಬಿಟ್ಟು, ಬೇರು ಕಂಡವನ್ನು ಮಾತ್ರ ಮಣ್ಣಿಗೆ ಹಾಕಿ. ದೊಡ್ಡ ಗೆಡ್ಡೆಗಳಿಗೆ ಕೊಡುವಂತೆ ಮರಿಗಳಿಗೆ ಒಣ ವಿಶ್ರಾಂತಿ ಕೊಡಬಾರದು. ಮೊದಲ ಎರಡು ವರ್ಷ ಎಲೆ ಎಷ್ಟು ದಿನ ಹಸಿರಾಗಿರುತ್ತದೋ ಗೆಡ್ಡೆ ಅಷ್ಟು ಬೇಗ ತುಂಬುತ್ತದೆ. ಇಂಥ ಕಾಯುವಿಕೆಗೆ ಸಿದ್ಧರಿರುವವರಿಗೆ ಸಿಗುವ ಹೂ ತಾಯಿಗಿಡದ ಬಣ್ಣದ್ದೇ ಆಗಿರಬೇಕೆಂದಿಲ್ಲ. ನನಗಂತೂ ಈ ಕೆಲಸದ ದೊಡ್ಡ ಸಂತೋಷ ಅದರಲ್ಲೇ ಇದೆ.

ಪ್ರಶ್ನೆ: ಪ್ಯಾಕೆಟ್ಟಿನ ಹೈಬ್ರಿಡ್ ಜೆರೇನಿಯಂನಿಂದ ನಾವೇ ಬೀಜ ತೆಗೆದಿಡಬಹುದೇ? ಬೀಜವನ್ನು ಎಷ್ಟು ಕಾಲ ಇಡಬಹುದು? – ಬನಶಂಕರಿಯ ಓದುಗರು

ಎರಡು ತಳಿಗಳನ್ನು ಅಡ್ಡಹಾಯಿಸಿ ಪಡೆದ ಮೊದಲ ತಲೆಮಾರಿನ ಗಿಡವಾದ ಎಫ್1 ಹೈಬ್ರಿಡ್‌ನ ಬೀಜ ಮೊಳೆಯುತ್ತದೆ, ಆದರೆ ಮುಂದಿನ ತಲೆಮಾರಿನಲ್ಲಿ ಗುಣಗಳು ಒಡೆದುಹೋಗಿ ಗಿಡಗಳು ಒಂದರಂತೆ ಒಂದಿರುವುದಿಲ್ಲ. ಅದೇ ಗಿಡ ಬೇಕಾದರೆ ಕುಡಿ ಕತ್ತರಿಸಿ ಬೇರು ಬರಿಸಿ. ಬೀಜ ಇಡುವುದರಲ್ಲಿ ಎರಡೇ ಶತ್ರುಗಳು, ತೇವ ಮತ್ತು ಸೆಕೆ. ಬೀಜದ ತೇವಾಂಶ ಶೇಕಡಾ ಒಂದರಷ್ಟು ಇಳಿದರೆ, ಇಲ್ಲವೇ ಇಡುವ ಜಾಗದ ಉಷ್ಣತೆ ಐದಾರು ಡಿಗ್ರಿ ಇಳಿದರೆ, ಅದರ ಆಯುಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಬೀಜಶಾಸ್ತ್ರದಲ್ಲಿ ಒಪ್ಪಿತವಾದ ಲೆಕ್ಕ. ಹಳ್ಳಿಮನೆಗಳಲ್ಲಿ ಬೀಜವನ್ನು ಬೂದಿಯಲ್ಲಿ ಬೆರೆಸಿ ಮಡಕೆಯಲ್ಲಿಡುತ್ತಿದ್ದುದು ತೇವ ಹೀರಲೆಂದೇ. ನೀವು ನೆರಳಿನಲ್ಲಿ ಒಂದು ವಾರ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೆಸರು ಮತ್ತು ತಿಂಗಳು ಬರೆದು, ಸಿಲಿಕಾ ಜೆಲ್ ಚೀಲವೊಂದರ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಡಿ. ಹೊರತೆಗೆದಾಗ ಡಬ್ಬಿಯನ್ನು ಕೂಡಲೇ ತೆರೆಯಬೇಡಿ. ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆದರೆ ಬೀಜದ ಮೇಲೆ ನೀರಹನಿ ಕೂರುವುದಿಲ್ಲ. ಜರ್ಬೆರಾ ಬೀಜವನ್ನು ಮಾತ್ರ ಹೀಗೆ ಇಟ್ಟರೂ ಕೆಲವೇ ತಿಂಗಳೊಳಗೆ ಬಿತ್ತಿಬಿಡಿ.